ಕೊನೆಯ ನಾಲ್ಕು ಹಾಳೆ

ಯಾವ ಪುಸ್ತಕವೂ ನಡುವಿನಿಂದ ಹರಿಯುವುದಿಲ್ಲ. ಮೊದಲು ಹೋಗುವುದು ಮುಂದಿನ ಹಾಳೆ, ಅದರ ಬೆನ್ನಿಗೆ ಹಿಂದಿನ ಹಾಳೆ. ಇದನ್ನು ಸಿಂದಗಿಯ ಹಜರಾಬಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳಪ್ಪ ಯಾಕೂಬಸಾಬ ಪುಸ್ತಕಕ್ಕೆ ರಟ್ಟು ಕಟ್ಟುವವನು. ಅವನ ಪಕ್ಕ ಕೂತು ಮೈದಾ ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಕಲಸುವುದನ್ನು ಕಲಿತಾಗ ಅವಳಿಗೆ ಏಳು ವರ್ಷ. ಈಗ ನಲವತ್ತೊಂಬತ್ತು. ಅಪ್ಪ ತೀರಿಕೊಂಡು ಬಹಳ ದಿನವಾಯಿತು. ಅವನ ದಬ್ಬಣ ಇನ್ನೂ ಇದೆ, ಹಿಡಿ ಮಾತ್ರ ಎರಡು ಸಲ ಬದಲಾಗಿದೆ. ಶಾಲೆಯ ಹಾಜರಿ ಪುಸ್ತಕ, ಕುರಾನು, ಪುರಾಣ, ವಚನದ ಕಟ್ಟು, ಯಾವುದು ಬಂದರೂ ಅವಳ ಹೊಲಿಗೆ ಒಂದೇ. ಹಜರಾಬಿ ಕಟ್ಟಿದ ಪುಸ್ತಕ ಗೋಡೆಗೆ ಎಸೆದರೂ ಬಿಚ್ಚುವುದಿಲ್ಲ ಎಂದು ಮಾಸ್ತರರು ಹೇಳುತ್ತಾರೆ. ಹಾಗೆ ಎಸೆದು ನೋಡಿದವರು ಯಾರು ಎಂದು ಮಾತ್ರ ಕೇಳಬೇಡಿ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಂಗಣ್ಣನ ಅಂಗಡಿ ಇದೆ. ಓದಲು ಪುಸ್ತಕ ಕೊಡುತ್ತಾನೆ, ವಾರದ ಮೇಲೆ ಇಟ್ಟುಕೊಂಡರೆ ಬೈಯುತ್ತಾನೆ. ಮೊಬೈಲು ಬಂದ ಮೇಲೆ ಗಂಡಸರು ಅತ್ತ ಹಾಯುವುದನ್ನೇ ಬಿಟ್ಟರು. ಉಳಿದವರು ಹೆಂಗಸರು, ಅದೂ ಮನೆಯಲ್ಲಿ ಮಾತಿಗೆ ಜನ ಕಡಿಮೆ ಇದ್ದವರು. ಗಂಡಂದಿರು ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ಮನೆಗಳು ಈ ಸೀಮೆಯಲ್ಲಿ ಓಣಿಗೆ ನಾಲ್ಕು. ಬಸವನ ಬಾಗೇವಾಡಿಯಲ್ಲಿ ಇಂಥದೇ ಒಂದು ಅಂಗಡಿ ಬಾಗಿಲು ಹಾಕಿದಾಗ ಸಂಗಣ್ಣ ಒಂದು ಚೀಲ ಕಾದಂಬರಿ ಹೊತ್ತು ತಂದ. ನಲವತ್ತೊಂದು ಪುಸ್ತಕ. ಒಂದಕ್ಕೂ ಮೊದಲ ಹಾಳೆ ಇಲ್ಲ, ಆದ್ದರಿಂದ ಬರೆದವರ ಹೆಸರಿಲ್ಲ. ಹೆಚ್ಚಿನವಕ್ಕೆ ಕೊನೆಯ ಹಾಳೆಯೂ ಇಲ್ಲ. ಕಟ್ಟಿಕೊಡು ಎಂದು ಚೀಲವನ್ನು ಹಜರಾಬಿಯ ಕಟ್ಟೆಯ ಮೇಲೆ ಇಳಿಸಿ ಹೋದ.

ಆ ಕಾದಂಬರಿಗಳೆಲ್ಲ ನಡೆಯುವುದು ಮುತ್ತಿನಕೇರಿ ಎಂಬ ಒಂದೇ ಊರಲ್ಲಿ. ಸಮುದ್ರದ ದಂಡೆಯ ಸಣ್ಣ ಊರು. ಪುಸ್ತಕಕ್ಕೊಂದು ಹಬ್ಬ. ಒಂದರಲ್ಲಿ ಗಣಪತಿ, ಇನ್ನೊಂದರಲ್ಲಿ ದೀಪಾವಳಿ, ಮತ್ತೊಂದರಲ್ಲಿ ತುಳಸಿ ಲಗ್ನ. ಹಬ್ಬಕ್ಕೆ ಹದಿನೈದು ದಿನ ಇದೆ ಎನ್ನುವಾಗ ಒಬ್ಬಳು ಹುಡುಗಿ ಮನಸ್ಸು ಮುರಿದುಕೊಂಡು ಆ ಊರಿಗೆ ಬರುತ್ತಾಳೆ, ಅಜ್ಜಿಯ ಖಾನಾವಳಿಯನ್ನೋ ಹೂವಿನ ಅಂಗಡಿಯನ್ನೋ ಮತ್ತೆ ತೆರೆಯುತ್ತಾಳೆ. ಪಕ್ಕದಲ್ಲಿ ದೋಣಿ ರಿಪೇರಿ ಮಾಡುವವನೊಬ್ಬ ಇದ್ದೇ ಇರುತ್ತಾನೆ. ಮಾತು ಕಡಿಮೆ, ಮನಸ್ಸು ಬಂಗಾರ. ಆ ಊರಲ್ಲಿ ಯಾರಿಗೂ ಹಲ್ಲುನೋವು ಬರುವುದಿಲ್ಲ, ನೀರಿನ ಸರದಿಗೆ ಜಗಳ ಇಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ. ಹಬ್ಬದ ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಒಂಟಿಯಾಗಿ ಉಂಡವರು ಆ ನಲವತ್ತೊಂದು ಪುಸ್ತಕಗಳಲ್ಲಿ ಒಬ್ಬರೂ ಇಲ್ಲ. ಹಜರಾಬಿ ಎಲ್ಲವನ್ನೂ ಓದಿದಳು. ಹೊಲಿಯುವ ಮುಂಚೆ ಪುಟಗಳ ಲೆಕ್ಕ ನೋಡಬೇಕಲ್ಲ ಎಂಬುದು ನೆವ.

ಮೊದಲ ಪುಸ್ತಕ ಕೊನೆಯಿಲ್ಲದೆಯೇ ಹೋಯಿತು. ಓದಿದ ಹೆಂಗಸರು ಸಂಗಣ್ಣನ ಅಂಗಡಿಗೆ ಬಂದು ಗಲಾಟೆ ಮಾಡಿದರು, ಅವನು ತಪ್ಪನ್ನು ಹಜರಾಬಿಯ ಮೇಲೆ ಹಾಕಿದ. ಆಗ ಅವಳು ಹಾಜರಿ ಪುಸ್ತಕಕ್ಕೆಂದು ತಂದ ಕಾಗದದಲ್ಲಿ ನಾಲ್ಕು ಹಾಳೆ ಕತ್ತರಿಸಿ, ತಾನೇ ಕೊನೆ ಬರೆದು, ಮೇಣದ ದಾರದಿಂದ ಹೊಲಿದು ಕೂರಿಸಿದಳು. ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ, ದುಂಡಗೆ. ಹೀಗೆ ಐದು ವರ್ಷದಲ್ಲಿ ಮೂವತ್ತು ಪುಸ್ತಕಗಳಿಗೆ ಕೊನೆ ಬರೆದಳು. ಮೂವತ್ತರಲ್ಲೂ ಹಬ್ಬದ ದಿನ ಬಸ್ಸು ಬಂದು ನಿಲ್ಲುತ್ತದೆ, ಅವನು ಇಳಿಯುತ್ತಾನೆ, ಅವಳು ಬಾಗಿಲಲ್ಲಿ ನಿಂತಿರುತ್ತಾಳೆ. ಬರೆದದ್ದು ತಾನೆಂದು ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದಳು. ಊರಿನ ಅರ್ಧ ಶಾಲೆಗಳ ಹಾಜರಿ ಪುಸ್ತಕದ ಬೆನ್ನಿನ ಮೇಲೆ ಅದೇ ದುಂಡಗಿನ ಅಕ್ಷರ ಇತ್ತು. ತಿಳಿಯದವಳು ಅವಳೊಬ್ಬಳೇ.

ಸಮುದ್ರವನ್ನು ಅವಳು ಕಂಡಿರಲಿಲ್ಲ. ಕಂಡ ದೊಡ್ಡ ನೀರೆಂದರೆ ಆಲಮೇಲದ ಕಡೆಯ ಭೀಮೆ, ಒಮ್ಮೆ ತಂಗಡಗಿಯಲ್ಲಿ ಕೃಷ್ಣೆ. ಹಾಗಾಗಿ ಅವಳ ಮುತ್ತಿನಕೇರಿಯ ಹೆಂಗಸರು ಬೆಳಗಾಗೆದ್ದು ಸಮುದ್ರಕ್ಕೆ ಕೊಡ ಹಿಡಿದು ಹೋಗುತ್ತಿದ್ದರು, ಆ ನೀರಲ್ಲೇ ರೊಟ್ಟಿಯ ಹಿಟ್ಟು ನಾದುತ್ತಿದ್ದರು, ಉಪ್ಪು ಹಾಕುವ ಕೆಲಸ ಉಳಿಯಿತೆಂದು ನಗುತ್ತಿದ್ದರು. ಕುಮಟೆಯ ಕಡೆಯಿಂದ ವರ್ಗವಾಗಿ ಬಂದ ಯಾರೋ ಒಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: ‘ತಾಯೀ, ಆ ರೊಟ್ಟಿಯನ್ನು ನಾಯಿಯೂ ತಿನ್ನುವುದಿಲ್ಲ.’ ಹಜರಾಬಿ ಅದನ್ನು ಓದಿ ಒಬ್ಬಳೇ ನಕ್ಕಳು. ರಬ್ಬರು ತಂದು ಅಳಿಸಲು ಹೋಗಿ ಬಿಟ್ಟಳು. ತನಗೇ ಬರೆದ ಕಾಗದವೊಂದು ಬಹಳ ವರ್ಷಗಳ ಮೇಲೆ ಬಂದಂತೆ ಆಗಿತ್ತು.

ಸಮುದ್ರ ಕಂಡವನು ಅವಳ ಗಂಡ ಮಹಮ್ಮದಹನೀಫ. ಆಲಮೇಲದವನು, ಕಬ್ಬು ಕಡಿಯುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಮಲ್ಪೆಯ ಬಂದರಿಗೆ ದೋಣಿಗಳಿಗೆ ಬರ್ಫ ತುಂಬುವ ಕೆಲಸಕ್ಕೆ ಹೋದ. ಮಕ್ಕಳಿರಲಿಲ್ಲ. ಅಪ್ಪನ ಕೆಲಸ ಬಿಟ್ಟು ಬರಲಾರೆ ಎಂದು ಅವಳು ಇಲ್ಲೇ ಉಳಿದಳು. ಮೊದಲು ವರ್ಷಕ್ಕೆ ಎರಡು ಸಲ ಬರುತ್ತಿದ್ದ, ಆಮೇಲೆ ಒಂದು ಸಲ. ಆ ಒಂದು ಸಲ ಎಂದರೆ ಎಳ್ಳಮವಾಸ್ಯೆ, ರಂಜಾನ್ ಅಲ್ಲ. ಎಳ್ಳಮವಾಸ್ಯೆಯ ದಿನ ಈ ಸೀಮೆಯ ಜನ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ತೆನೆ ಹೊತ್ತು ನಿಂತ ಭೂತಾಯಿಗೆ ಬಸುರಿಯ ಬಯಕೆ ತೀರಿಸಿದ ಹಾಗೆ ಆ ಅಡಿಗೆಯನ್ನು ಹೊಲದ ತುಂಬ ಚೆಲ್ಲುತ್ತಾರೆ. ಅದು ಚರಗ. ಮುಂದಿನವರು ‘ಹುಲ್ಲುಲ್ಲಿಗ್ಯೋ’ ಎಂದು ಕೂಗಿ ಚೆಲ್ಲಬೇಕು, ಹಿಂದಿನವರು ನೀರು ಚಿಮುಕಿಸುತ್ತ ‘ಚಲ್ಲಂಬ್ರಿಗ್ಯೋ’ ಎಂದು ಓಗೊಡಬೇಕು. ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಬ್ಬರಿಲ್ಲದೆ ಆಗುವುದಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಹನೀಫನಿಗೆ ಸ್ವಂತ ಹೊಲ ಇರಲಿಲ್ಲ, ಗೆಳೆಯರ ಹೊಲಕ್ಕೆ ಕರೆಸಿಕೊಂಡು ಹೋಗುತ್ತಿದ್ದ. ಅವನು ಓಗೊಟ್ಟರೆ ಎರಡು ಹೊಲದಾಚೆ ಕೇಳುತ್ತಿತ್ತು. ಆ ದನಿಗೇ ಅವಳು ಅವನನ್ನು ಮೆಚ್ಚಿದ್ದು.

ಈಗ ಆರು ವರ್ಷದಿಂದ ಬಂದಿಲ್ಲ. ಪ್ರತಿ ವರ್ಷ ದೀಪಾವಳಿಗೆ ಫೋನು ಮಾಡುತ್ತಾನೆ, ಎಳ್ಳಮಾಸಿಗೆ ಬರ್ತೇನಿ ಎನ್ನುತ್ತಾನೆ. ಎಳ್ಳಮವಾಸ್ಯೆಯ ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮತ್ತೆ ಫೋನು. ಸೂಟಿ ಸಿಗಲಿಲ್ಲ, ಮುಂದಿನ ಸಲ ಖರೆ. ಉಳಿದ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಅಲ್ಲೊಂದು ಮನೆ ಮಾಡಿಕೊಂಡಿದ್ದಾನೆ ಎಂದು ಮಲ್ಪೆಯಿಂದ ಬಂದವರು ಯಾರೋ ಹೇಳಿದ್ದರು. ಹಜರಾಬಿ ನಂಬಲೂ ಇಲ್ಲ, ಕೇಳಲೂ ಇಲ್ಲ. ಕೇಳಿದರೆ ಅವನು ಏನಾದರೊಂದು ಹೇಳಿಬಿಟ್ಟಾನು ಎಂಬ ಹೆದರಿಕೆ ಅವಳಿಗೆ. ಎಳ್ಳಮವಾಸ್ಯೆಯ ದಿನ ಅವಳು ಮನೆ ಬಿಟ್ಟು ಕದಲುತ್ತಿರಲಿಲ್ಲ. ನೀರಿಗೆ ಹೋದರೂ ಬೀಗದ ಕೈ ಬಾಗಿಲ ಪಕ್ಕದ ಗೂಟಕ್ಕೇ ತೂಗುಹಾಕುತ್ತಿದ್ದಳು, ಅವನು ಬಂದು ಹೊರಗೆ ನಿಲ್ಲಬಾರದೆಂದು.

ಚೀಲದಲ್ಲಿ ಉಳಿದ ಕೊನೆಯ ಪುಸ್ತಕವನ್ನು ಅವಳು ಎರಡು ವರ್ಷ ಮುಟ್ಟದೆ ಇಟ್ಟಳು. ಅದರ ಗಿರಿಜಾ ಎಂಬವಳಿಗೆ ಮದುವೆಯಾಗಿದೆ, ಗಂಡ ಹಡಗು ಹತ್ತಿ ಹೋಗಿದ್ದಾನೆ, ದೀಪಾವಳಿಗೆ ಬರುತ್ತೇನೆಂದು ಕಾಗದ ಹಾಕಿದ್ದಾನೆ. ಇಪ್ಪತ್ತು ಅಧ್ಯಾಯ ಇವೆ, ಕೊನೆ ಇಲ್ಲ. ಸಂಗಣ್ಣ ಬಂದಾಗಲೆಲ್ಲ ಅದನ್ನೇ ಕೇಳುತ್ತಿದ್ದ. ಅಂಟು ಆರಿಲ್ಲ, ದಾರ ಮುಗಿದಿದೆ, ಹುಳ ಹಿಡಿದಿದೆ ಎಂದು ಅವಳು ಒಂದೊಂದು ನೆವ ಹೇಳುತ್ತಿದ್ದಳು. ನಿಜವೆಂದರೆ ಹನೀಫ ಬಂದ ಮೇಲೆ ಬರೆಯೋಣ ಎಂದಿಟ್ಟಿದ್ದಳು.

ಕಳೆದ ವರ್ಷದ ಎಳ್ಳಮವಾಸ್ಯೆಗೂ ಅವನು ಬರಲಿಲ್ಲ. ಹನ್ನೆರಡಕ್ಕೆ ಫೋನು ಬಂತು, ಮುಗಿಯಿತು. ಓಣಿ ಖಾಲಿ, ಎಲ್ಲರೂ ಹೊಲಕ್ಕೆ ಹೋಗಿದ್ದಾರೆ, ನಾಯಿಗಳೂ ಅವರ ಬೆನ್ನು ಹತ್ತಿವೆ. ಹಜರಾಬಿ ಕಡುಬು ಮುಚ್ಚಿಟ್ಟು, ಆ ಪುಸ್ತಕ ತೆಗೆದು, ಒಂದೇ ಏಟಿಗೆ ನಾಲ್ಕು ಹಾಳೆ ಬರೆದಳು. ಮುತ್ತಿನಕೇರಿಗೆ ದೀಪಾವಳಿ ಬಂತು, ಬಸ್ಸು ಬಂತು, ಗಂಡ ಇಳಿಯಲಿಲ್ಲ. ಗಿರಿಜಾ ಮಾಡಿದ ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಸಮುದ್ರದ ದಂಡೆಗೆ ಹೋದಳು, ನೀರಿಗೆ ಚರಗ ಚೆಲ್ಲಿದಳು. ‘ಹುಲ್ಲುಲ್ಲಿಗ್ಯೋ’ ಎಂದು ಕೂಗಿದಳು. ಹಿಂದೆ ಯಾರೂ ಇರಲಿಲ್ಲ. ಮತ್ತೆ ಕೂಗಿದಳು. ಅಷ್ಟೇ. ಕೆಳಗೆ ‘ಮುಗಿಯಿತು’ ಎಂದು ಬರೆದು ಹೊಲಿದು ಸಂಗಣ್ಣನಿಗೆ ಕೊಟ್ಟುಬಿಟ್ಟಳು. ಸಮುದ್ರದ ಜನ ದೀಪಾವಳಿಗೆ ಚರಗ ಚೆಲ್ಲುತ್ತಾರೆಯೇ ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ. ಹಬ್ಬ ಎಂದರೆ ಚೆಲ್ಲಬೇಕು, ಚೆಲ್ಲಿದರೆ ಯಾರಾದರೂ ಓಗೊಡಬೇಕು. ಅವಳಿಗೆ ಗೊತ್ತಿದ್ದದ್ದು ಅಷ್ಟು.

ಹನ್ನೊಂದು ತಿಂಗಳು ಆ ಪುಸ್ತಕ ಕೈಯಿಂದ ಕೈಗೆ ಓಡಾಡಿತು. ಈ ವರ್ಷ ಕಾರ್ತಿಕ ಕಳೆದ ಮೇಲೆ ಸಂಗಣ್ಣ ತಂದು, ಬೆನ್ನು ಸಡಿಲವಾಗಿದೆ ನೋಡು ಎಂದು ಎಸೆದು ಹೋದ. ಹಜರಾಬಿ ತೆರೆದು ನೋಡಿದಳು, ಮೈ ಉರಿದುಹೋಯಿತು. ಅವಳ ನಾಲ್ಕು ಹಾಳೆಗಳನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕೊಯ್ದು ತೆಗೆದಿದ್ದರು. ಆ ಜಾಗದಲ್ಲಿ ಗೀಟಿನ ನೋಟುಬುಕ್ಕಿನ ಬೇರೆ ನಾಲ್ಕು ಹಾಳೆ, ಬೇರೆ ಅಕ್ಷರ. ಹೊಲಿಗೆಯಂತೂ ಕೇಳುವುದೇ ಬೇಡ, ನೇರಳೆ ಬಣ್ಣದ ಹೊಳೆಯುವ ದಾರ, ಸೀರೆಯ ಅಂಚಿಗೆ ಹಾಕುವ ಹೊಲಿಗೆ. ಪುಸ್ತಕಕ್ಕೆ ಹಾಗೆ ಹೊಲಿದವರ ಕೈ ಮುರಿಯಬೇಕು ಎಂದುಕೊಂಡೇ ಓದಲು ಕೂತಳು.

ಹೊಸ ಕೊನೆಯಲ್ಲೂ ಅವನು ಬರಲಿಲ್ಲ. ಗಿರಿಜಾ ದಂಡೆಯ ಮೇಲೆ ನಿಂತು ಕೂಗುತ್ತಿದ್ದಾಳೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ನೆರೆಮನೆಯವಳು ಬರುತ್ತಾಳೆ. ಇಪ್ಪತ್ತು ಅಧ್ಯಾಯ ಇವಳು ಎಲ್ಲಿದ್ದಳೋ ದೇವರೇ ಬಲ್ಲ. ಎತ್ತಿನ ಗಾಡಿ ಹೂಡಿಕೊಂಡು ಬಂದಿದ್ದಾಳೆ. ಸಮುದ್ರದ ಪಕ್ಕದಲ್ಲಿ ನೋಡನೋಡುತ್ತ ಎರೆಹೊಲ, ಬಿಳಿಜೋಳ, ಬನ್ನಿ ಗಿಡ ಎಲ್ಲ ಬಂದುಬಿಟ್ಟಿವೆ. ನೆರೆಮನೆಯವಳು ಗಿರಿಜಾಳಿಗೆ ಒಂದೇ ಮಾತು ಹೇಳುತ್ತಾಳೆ. “ಗಾಡಿ ಹತ್ತ ಬಾ. ಒಬ್ಬಾಕಿನ ಎಷ್ಟ ಒದರ್ತಿ?”

ಹಜರಾಬಿ ಪುಸ್ತಕ ಮುಚ್ಚಿದಳು. ಆಮೇಲೆ ಮತ್ತೆ ತೆರೆದು ದಾರದ ಗಂಟನ್ನು ನೋಡಿದಳು. ಎರಡು ಸುತ್ತು ಹಾಕಿ ಒಳಗೆ ಎಳೆದ ಗಂಟು. ಇದನ್ನು ಎಲ್ಲೋ ಕಂಡಿದ್ದೇನೆ ಎನಿಸಿತು. ತನ್ನ ಜಂಪರಿನ ತೋಳನ್ನು ಮಗುಚಿ ನೋಡಿದಳು. ಅದೇ ಗಂಟು.

ಆ ಜಂಪರು ಹೊಲಿದವಳು ಸುವರ್ಣಾ. ಓಣಿಯ ತುದಿಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಹಜರಾಬಿಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಸಿದ್ಧರಾಮ ಸತ್ತು ಮೂರು ವರ್ಷ. ಇಬ್ಬರೂ ಒಂದೇ ಓಣಿಯವರಾದರೂ ಅಳತೆಯ ಮಾತು ಬಿಟ್ಟರೆ ಬೇರೆ ಮಾತು ಇರಲಿಲ್ಲ. ಹಜರಾಬಿ ಪುಸ್ತಕ ಹಿಡಿದು ಅವಳ ಬಾಗಿಲಿಗೆ ಹೋದಳು.

“ಪುಸ್ತಕಕ್ಕ ಸೀರಿ ಫಾಲ್ ದಾರ ಹಾಕ್ತಾರೇನ ಸುವರ್ಣಾ?”

ಸುವರ್ಣಾ ಯಂತ್ರದ ಗಾಲಿಯನ್ನು ಅಂಗೈಯಿಂದ ನಿಲ್ಲಿಸಿದಳು. ಸುಳ್ಳು ಹೇಳಲು ಹೋಗಲಿಲ್ಲ. “ನನ್ನ ಹತ್ರ ಅದ ಇತ್ತರಿ ಅಕ್ಕಾ.”

“ನನ್ನ ಹಾಳಿ ಯಾಕ ಕೊಯ್ದಿ?”

“ಅದನ್ನ ಓದಿ ಮೂರ ದಿನ ಊಟಾ ಸೇರಲಿಲ್ಲರಿ. ದಂಡಿ ಮ್ಯಾಲ ನಿಂತ ಒದರಾಕತ್ತಾಕಿ ಗಿರಿಜಾ ಅಲ್ಲರಿ. ಯಾರಂತ ನನಗ ಗೊತ್ತಾತು.”

ಆಮೇಲೆ ಸುವರ್ಣಾ ತನ್ನದನ್ನೂ ಹೇಳಿದಳು. ಆಲಮೇಲದ ರಸ್ತೆಯಲ್ಲಿ ಅವಳಿಗೆ ಮೂರೆಕರೆ ಇದೆ, ಪಾಲಿಗೆ ಹಚ್ಚಿದ್ದಾಳೆ. ಗಂಡ ಹೋದ ಮೇಲೂ ಎಳ್ಳಮವಾಸ್ಯೆ ಬಿಟ್ಟಿಲ್ಲ. ಮುಂದೆ ಚೆಲ್ಲಿ ತಾನೇ ಕೂಗುತ್ತಾಳೆ, ತಿರುಗಿ ನಿಂತು ನೀರು ಚಿಮುಕಿಸಿ ತಾನೇ ಓಗೊಡುತ್ತಾಳೆ. ಬದುವಿನ ಆಚೆಯ ಜನ ನೋಡಿ ಮೊದಲ ವರ್ಷ ಮರುಗಿದರು, ಎರಡನೆಯ ವರ್ಷ ನಕ್ಕರು. ಇಷ್ಟು ಹೇಳಿ ಅವಳು ಟ್ರಂಕಿನಿಂದ ಹಜರಾಬಿಯ ನಾಲ್ಕು ಹಾಳೆಗಳನ್ನು ತೆಗೆದಳು, ಖಣದ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ಒಲೆಗೆ ಹಾಕಲು ಕೈ ಬರಲಿಲ್ಲವಂತೆ. ಹಜರಾಬಿ ಅವನ್ನು ತೆಗೆದುಕೊಳ್ಳಲಿಲ್ಲ, ನಿನ್ನ ಹತ್ತಿರವೇ ಇರಲಿ ಎಂದಳು.

“ಈ ಸಲ ಹೊಲಕ್ಕ ಬರ್ರಿ ಅಕ್ಕಾ,” ಎಂದಳು ಸುವರ್ಣಾ.

“ಅವರು ಬರ್ತೇನಿ ಅಂದಾರ.”

“ಬಂದ್ರ ಅವರನ್ನೂ ಕರಕೊಂಡ ಬರ್ರಿ. ಬರಲಿಲ್ಲಂದ್ರ ನೀವರೆ ಬರ್ರಿ.”

ಹಜರಾಬಿ ಮನೆಗೆ ಬಂದು ಪುಸ್ತಕದ ಬೆನ್ನು ಗಟ್ಟಿ ಮಾಡಿದಳು. ನೇರಳೆ ದಾರವನ್ನು ಬಿಚ್ಚಲಿಲ್ಲ. ಕೆಟ್ಟ ಹೊಲಿಗೆಯನ್ನು ಅವಳು ಹಾಗೇ ಬಿಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಎಳ್ಳಮವಾಸ್ಯೆ ಬಂತು. ಹಜರಾಬಿ ಇಬ್ಬರಿಗಾಗುವಷ್ಟು ಅಡಿಗೆ ಮಾಡಿದಳು, ಆರು ವರ್ಷದಿಂದ ಮಾಡುತ್ತ ಬಂದ ಹಾಗೆ. ಮಂಗಳೂರಿನ ಕಡೆಯಿಂದ ಬರುವ ಬಸ್ಸು ಒಂಬತ್ತಕ್ಕೆ ಬಂತು. ಸ್ಟ್ಯಾಂಡಿನಿಂದ ಮನೆಗೆ ನಡೆದರೆ ಕಾಲು ತಾಸು. ಅರ್ಧ ತಾಸು ಬಾಗಿಲಲ್ಲಿ ನಿಂತಳು. ಇನ್ನೊಂದು ಬಸ್ಸು ವಿಜಯಪುರದ ಮೇಲಿಂದ ಹನ್ನೆರಡಕ್ಕಿದೆ, ಅದರಲ್ಲಿ ಬಂದರೂ ಬಂದಾನು ಎಂದುಕೊಂಡಳು. ಹೋದ ವರ್ಷವೂ ಇದನ್ನೇ ಅಂದುಕೊಂಡಿದ್ದು ನೆನಪಾಯಿತು. ಅದರ ಹಿಂದಿನ ವರ್ಷವೂ.

ಹತ್ತಕ್ಕೆ ಮನೆಯ ಮುಂದೆ ಆಟೋ ನಿಂತಿತು. ಹಿಂದೆ ಸುವರ್ಣಾ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕರೆಯಲಿಲ್ಲ, ಇಳಿಯಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದಳು, ಅಷ್ಟೇ. ಹಜರಾಬಿ ಬಾಗಿಲ ಚೌಕಟ್ಟು ಬಿಡಲಿಲ್ಲ. ಇವತ್ತು ಹೋದರೆ ಅವನು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ನಾಳೆಯಿಂದ ಕಾಯಲು ಏನೂ ಉಳಿಯುವುದಿಲ್ಲ. ಕಾಯುವುದಾದರೂ ಒಂದು ಜೊತೆಯೇ ಆಗಿತ್ತಲ್ಲ ಇಷ್ಟು ವರ್ಷ. ಆಟೋದವನು ಎರಡು ಸಲ ಹಾರ್ನು ಹೊಡೆದ, ಸುವರ್ಣಾ ಅವನನ್ನು ಗದರಿಸಿದಳು.

ಹಜರಾಬಿ ಒಳಗೆ ಹೋಗಿ ಅಡಿಗೆಯನ್ನೆಲ್ಲ ಬಟ್ಟೆಯಲ್ಲಿ ಕಟ್ಟಿದಳು. ಹೊರಗೆ ಬಂದು ಬೀಗ ಹಾಕಿದಳು. ಕೈ ತಾನಾಗಿ ಗೂಟದ ಕಡೆ ಹೋಯಿತು. ಆಮೇಲೆ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಆಟೋ ಹತ್ತಿದಳು.

ಹೊಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು, ತೆನೆ ಹಾಲು ತುಂಬುತ್ತಿತ್ತು. ಬನ್ನಿ ಗಿಡದ ಬುಡದಲ್ಲಿ ಸುವರ್ಣಾ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದಳು. ಹಜರಾಬಿ ಸ್ವಲ್ಪ ದೂರ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಸುತ್ತಲಿನ ಹೊಲಗಳಲ್ಲಿ ಜನವೋ ಜನ, ನಗೆ, ಜೋಕಾಲಿ. ಈ ಮೂರೆಕರೆಯಲ್ಲಿ ಇಬ್ಬರೇ. ಪೂಜೆ ಮುಗಿಸಿ ಸುವರ್ಣಾ ಇಬ್ಬರ ಅಡಿಗೆಯನ್ನೂ ಬುಟ್ಟಿಯಲ್ಲಿ ಕೂಡಿಸಿ ಕಲಸಿದಳು, ನೀರಿನ ತಂಬಿಗೆಯನ್ನು ಹಜರಾಬಿಯ ಕೈಗೆ ಕೊಟ್ಟು ಮುಂದೆ ನಡೆದಳು. ಬದುವಿಗೆ ಬಂದು ಒಂದು ಹಿಡಿ ಚೆಲ್ಲಿ ಕೂಗಿದಳು.

“ಹುಲ್ಲುಲ್ಲಿಗ್ಯೋ...”

ಆಗಲೇ ಹಜರಾಬಿಯ ಸೊಂಟದ ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನೋಡಬೇಕಾಗಿರಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದ. ಆ ಕಡೆಯವನು ಏನು ಹೇಳುತ್ತಾನೆ ಎಂಬುದು ಅವಳಿಗೆ ಅಕ್ಷರ ಅಕ್ಷರ ಬಾಯಿಪಾಠ. ಎತ್ತಬೇಕೆಂದರೆ ಎರಡೂ ಕೈಯಲ್ಲಿ ಹಿಡಿದ ತಂಬಿಗೆ ಕೆಳಗಿಡಬೇಕು. ಚರಗದ ನೀರನ್ನು ನಡುವೆ ನೆಲಕ್ಕಿಡಬಾರದು. ಸುವರ್ಣಾ ಬೆನ್ನು ಮಾಡಿಯೇ ನಿಂತಿದ್ದಳು, ತಿರುಗಿ ನೋಡಲಿಲ್ಲ. ಕೈಯಲ್ಲಿ ಎರಡನೆಯ ಹಿಡಿ ಇತ್ತು, ಚೆಲ್ಲಲಿಲ್ಲ. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಹಜರಾಬಿಯ ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಸುವರ್ಣಾ ಮತ್ತೊಮ್ಮೆ ಕೂಗಿದಳು.

“ಚಲ್ಲಂಬ್ರಿಗ್ಯೋ,” ಎಂದಳು ಹಜರಾಬಿ. ದನಿ ಒಡೆದು ತುಟಿಯ ಹತ್ತಿರವೇ ಉಳಿಯಿತು.

“ಕೇಳಸಲಿಲ್ಲರಿ ಅಕ್ಕಾ,” ಎಂದಳು ಸುವರ್ಣಾ, ಹಿಂದೆ ನೋಡದೆ.

ಹಜರಾಬಿ ಉಸಿರು ತುಂಬಿಕೊಂಡಳು. ಈ ಸಲ ಅವಳು ಓಗೊಟ್ಟದ್ದಕ್ಕೆ ಎರಡು ಹೊಲದಾಚೆ ಜೋಕಾಲಿ ಆಡುತ್ತಿದ್ದವರು ನಿಂತು ಇತ್ತ ನೋಡಿದರು. ಸುವರ್ಣಾ ಹಿಡಿಯಲ್ಲಿದ್ದುದನ್ನು ಚೆಲ್ಲಿ ಮುಂದಿನ ಸಾಲಿಗೆ ಕಾಲಿಟ್ಟಳು, ಹಜರಾಬಿ ನೀರು ಚಿಮುಕಿಸುತ್ತ ಅವಳ ಬೆನ್ನ ಹಿಂದೆ ನಡೆದಳು.